ಕಬ್ಬಿನ ರಸದಲ್ಲಿ ಬೆಳಕಿನ ತಿರುವು

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಬೆಳೆದ ಕಬ್ಬು ಎರಡು ದಾರಿ ಹಿಡಿಯುತ್ತದೆ. ಒಂದಿಷ್ಟು ಊರಿನ ಆಲೆಮನೆಗೆ ಹೋಗಿ ಬೆಲ್ಲವಾಗುತ್ತದೆ. ಮತ್ತೊಂದಿಷ್ಟು ಲಾರಿ, ಟ್ರ್ಯಾಕ್ಟರುಗಳನ್ನೇರಿ ಕೊಳ್ಳೇಗಾಲ ತಾಲ್ಲೂಕಿನ ಕುಂತೂರು, ನಂಜನಗೂಡು ತಾಲ್ಲೂಕಿನ ಅಳಗಂಚಿ ಮೊದಲಾದೆಡೆಯ ಸಕ್ಕರೆ ಕಾರ್ಖಾನೆಗಳನ್ನು ಸೇರುತ್ತದೆ. ಆಲೆಮನೆಯಲ್ಲಿ ಪಾಕ ನೋಡುವವನ ಕಣ್ಣು, ಬೆರಳುಗಳೇ ಪ್ರಮಾಣ. ಕಾರ್ಖಾನೆಯಲ್ಲಿ ಆ ಸ್ಥಾನವನ್ನು ಪೋಲಾರಿಮೀಟರ್ ಎಂಬ ಉಪಕರಣ ವಹಿಸಿಕೊಂಡಿದೆ. ಧ್ರುವಣಮಾಪಕವೆಂದು ಅದನ್ನು ಕನ್ನಡದಲ್ಲಿ ಕರೆಯಬಹುದು. ಬೆಳೆಗಾರನಿಗೆ ಸಲ್ಲುವ ಹಣದೊಡನೆ ಸಂಬಂಧವುಳ್ಳ ಈ ಸಾಧನ ಏನನ್ನು ಅಳೆಯುತ್ತದೆಂಬುದನ್ನು ಕೊಂಚ ವಿಚಾರಿಸುವುದು ಅನುಚಿತವಾಗಲಾರದು.

ದೀಪದಿಂದ ಹೊರಟ ಬೆಳಕು ಅಲೆಗಳಾಗಿ ಸಾಗುತ್ತದೆ. ಆ ಅಲೆಗಳ ಕಂಪನ, ಬೆಳಕು ಸಾಗುವ ದಾರಿಗೆ ಅಡ್ಡಲಾಗಿ ಎಲ್ಲ ದಿಕ್ಕುಗಳಲ್ಲಿಯೂ ನಡೆದಿರುತ್ತದೆ. ಕಿಟಕಿಯ ಎರಡು ಕಂಬಿಗಳ ನಡುವೆ ಹಗ್ಗವನ್ನು ತೂರಿಸಿ ಅಲುಗಿಸಿದರೆ ಮೇಲೆ ಕೆಳಗೆ ಆಡುವ ಅಲೆ ಮಾತ್ರ ಆಚೆ ದಾಟುವುದಷ್ಟೆ? ಅದರಂತೆ ಕೆಲವು ಹರಳುಗಳು ಒಂದೇ ಸಮತಲದ ಕಂಪನವನ್ನು ಮಾತ್ರ ಹೊರಬಿಡುತ್ತವೆ. ಹೀಗೆ ಹೊರಬಂದದ್ದು ಧ್ರುವೀಕೃತ ಬೆಳಕು. ಸ್ಫಟಿಕಶಿಲೆಯ ಮೂಲಕ ಹಾಯ್ದಾಗ ಈ ಬೆಳಕಿನ ಸಮತಲ ತಿರುಗುವುದೆಂಬುದನ್ನು ಫ್ರಾನ್ಸ್ ದೇಶದ ಅರಾಗೋ 1811ರಲ್ಲಿ ಕಂಡನು. ಟರ್ಪೆಂಟೈನ್, ಸಕ್ಕರೆಯ ದ್ರಾವಣ ಮುಂತಾದ ದ್ರವಗಳಿಗೂ ಈ ಗುಣವುಂಟೆಂದು 1815ರಲ್ಲಿ ತೋರಿಸಿದವನು ಬಯೋ. ಗಟ್ಟಿಯಾದ ಹರಳಿನ ಜೋಡಣೆಯಿಲ್ಲದ ದ್ರವವೂ ಬೆಳಕನ್ನು ತಿರುಗಿಸುವುದಾದರೆ, ತಿರುಗಿಸುವ ಶಕ್ತಿ ಪ್ರತಿಯೊಂದು ಅಣುವಿನಲ್ಲಿಯೇ ಇರಬೇಕಲ್ಲವೆ! ಎಡಗೈ ಬಲಗೈಗಳು ಒಂದಕ್ಕೊಂದು ಪ್ರತಿಬಿಂಬದಂತಿದ್ದರೂ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಅಂತಹ ರಚನೆಯುಳ್ಳ ಅಣುಗಳನ್ನು ಕೈರಲ್ ಅಣುಗಳೆನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಈ ಶಬ್ದದ ಮೂಲಕ್ಕೆ ಕೈ ಎಂದೇ ಅರ್ಥ.

ಎದುರು ಬರುವ ಬೆಳಕನ್ನು ನೋಡುವವನಿಗೆ ಸಮತಲವು ಗಡಿಯಾರದ ಮುಳ್ಳಿನಂತೆ ತಿರುಗಿದರೆ ಅದು ಬಲಮುರಿ, ವಿರುದ್ಧವಾಗಿ ತಿರುಗಿದರೆ ಎಡಮುರಿ. ಶಂಖಕ್ಕೂ ಗಣಪತಿಯ ಸೊಂಡಿಲಿಗೂ ನಮ್ಮವರು ಬಹುಕಾಲದಿಂದ ಬಳಸಿದ ಮಾತು ಇಲ್ಲಿ ಎಷ್ಟು ಚೆನ್ನಾಗಿ ಹೊಂದುತ್ತದೆ! ಹೊಸ ಪರಿಭಾಷೆಗಾಗಿ ಕೋಶಗಳನ್ನು ತಡಕಬೇಕಾದ ಪ್ರಸಂಗವೇ ಇಲ್ಲ.

ಉಪಕರಣದ ರಚನೆ ಸರಳ. ಒಂದು ತುದಿಯಲ್ಲಿ ಸೋಡಿಯಂ ದೀಪದ ಹಳದಿ ಬೆಳಕು. ಅದರ ಮುಂದೆ ಬೆಳಕನ್ನು ಧ್ರುವೀಕರಿಸುವ ಅಶ್ರ. ಸುಣ್ಣದ ಖನಿಜವಾದ ಕ್ಯಾಲ್ಸೈಟಿನ ಹರಳನ್ನು ಸೀಳಿ ಅಂಟಿಸಿ ಇಂಥ ಅಶ್ರವನ್ನು 1828ರಲ್ಲಿ ರೂಪಿಸಿದವನು ವಿಲಿಯಂ ನಿಕಲ್. ನಡುವೆ ದ್ರಾವಣ ತುಂಬಿದ ಗಾಜಿನ ನಳಿಗೆ, ಕೊನೆಗೆ ತಿರುಗಿಸಬಹುದಾದ ಮತ್ತೊಂದು ಅಶ್ರ ಹಾಗೂ ಡಿಗ್ರಿಗಳ ಮಾಪಕ. ನಳಿಗೆಯ ಉದ್ದವನ್ನು ಡೆಸಿಮೀಟರಿನಲ್ಲಿಯೂ ದ್ರಾವಣದ ಸಾಂದ್ರತೆಯನ್ನು ಪ್ರತಿ ಮಿಲಿಲೀಟರಿಗೆ ಗ್ರಾಮಿನಲ್ಲಿಯೂ ಹಿಡಿದು, ಕಂಡ ಕೋನವನ್ನು ಅವೆರಡರ ಗುಣಲಬ್ಧದಿಂದ ಭಾಗಿಸಿದರೆ ಆ ವಸ್ತುವಿನ ವಿಶಿಷ್ಟ ಆವರ್ತನೆ ದೊರೆಯುತ್ತದೆ. ಕಬ್ಬಿನ ಸಕ್ಕರೆಯಾದ ಸುಕ್ರೋಸಿಗೆ ಇದು ಬಲಕ್ಕೆ 66.5. ಆದುದರಿಂದ 100 ಮಿಲಿಲೀಟರಿನಲ್ಲಿ 10 ಗ್ರಾಂ ಸಕ್ಕರೆಯಿದ್ದು ನಳಿಗೆ ಎರಡು ಡೆಸಿಮೀಟರ್ ಉದ್ದವಿದ್ದರೆ ಬೆಳಕು ಬಲಕ್ಕೆ 13.3 ಡಿಗ್ರಿ ತಿರುಗುತ್ತದೆ. ಎರಡು ಪೋಲರಾಯ್ಡ್ ಹಾಳೆಗಳನ್ನು ಬೆಳಕು ದಾಟದಂತೆ ಅಡ್ಡಡ್ಡ ಹಿಡಿದು ನಡುವೆ ಗಟ್ಟಿ ಸಕ್ಕರೆಪಾಕದ ಲೋಟವನ್ನಿಟ್ಟರೆ, ಕತ್ತಲೆಯಿದ್ದೆಡೆ ಬೆಳಕು ಮೂಡುವುದನ್ನು ಯಾವ ಶಾಲೆಯ ಪ್ರಯೋಗಶಾಲೆಯಲ್ಲಾದರೂ ಮಕ್ಕಳಿಗೆ ತೋರಿಸಬಹುದು.

ವಿಷಯ ಸ್ವಾರಸ್ಯಕರವಾಗುವುದು ಸಕ್ಕರೆ ಒಡೆದಾಗ. ಕಡಿದ ಕಬ್ಬು ಬಿಸಿಲಿನಲ್ಲಿ ಬಿದ್ದರೆ, ಅಥವಾ ರಸ ಹುಳಿಯಾದರೆ, ಸುಕ್ರೋಸು ಒಡೆದು ಗ್ಲೂಕೋಸು, ಫ್ರಕ್ಟೋಸುಗಳೆಂಬ ಎರಡು ಶರ್ಕರಗಳಾಗುತ್ತದೆ. ಮೊದಲನೆಯದು ಬಲಕ್ಕೆ 52.7ರಷ್ಟು, ಎರಡನೆಯದು ಎಡಕ್ಕೆ ಸುಮಾರು 92ರಷ್ಟು ತಿರುಗಿಸುವುದರಿಂದ ಒಟ್ಟಿನಲ್ಲಿ ಎಡವೇ ಗೆಲ್ಲುತ್ತದೆ. ಮೇಲೆ ಹೇಳಿದ ದ್ರಾವಣ ಪೂರ್ತಿ ಒಡೆದರೆ ಬಲಕ್ಕೆ 13.3 ಇದ್ದದ್ದು ಎಡಕ್ಕೆ ಸುಮಾರು 4 ಡಿಗ್ರಿಯಾಗುವುದು. ನಾಲಗೆಗೆ ರಸ ಇನ್ನೂ ಸಿಹಿಯೇ. ಆದರೆ ಆ ಸಿಹಿ ಸಕ್ಕರೆಯ ಹರಳಾಗದು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಇಳಿಸುವ ಹೆಜ್ಜೇನೂ ಇಂತಹುದೇ. ಹೂವಿನ ಮಕರಂದವನ್ನು ಜೇನ್ನೊಣವೇ ಒಡೆದಿರುವುದರಿಂದ ಜೇನು ಸಾಮಾನ್ಯವಾಗಿ ಎಡಮುರಿ. ಅದಕ್ಕೆ ಸಕ್ಕರೆಯ ಪಾಕ ಬೆರೆಸಿದರೆ ತಿರುವು ಬಲದ ಕಡೆಗೆ ಸರಿಯುತ್ತದೆ.

ಆಲೆಮನೆಯವರಿಗೆ ಇದರ ಫಲ ಗೊತ್ತು, ಕಾರಣದ ಹೆಸರು ಗೊತ್ತಿಲ್ಲದಿರಬಹುದು. ಹಳಸಿದ ಕಬ್ಬಿನ ಪಾಕ ಅಚ್ಚಿನಲ್ಲಿ ಗಟ್ಟಿಯಾಗದೆ ಜಿಗುಟಾಗಿ ಉಳಿಯುತ್ತದೆ. ಕೊಪ್ಪರಿಗೆಗೆ ಹಾಕುವ ಸುಣ್ಣದ ತಿಳಿ ರಸದ ಹುಳಿಯನ್ನು ಕಳೆದು ಸಕ್ಕರೆ ಒಡೆಯದಂತೆ ಕಾಯುತ್ತದೆ. ಪ್ರಯೋಗಶಾಲೆಯ ಪಾಠವನ್ನು ಕೇಳದೆಯೇ ಕಂಡುಕೊಂಡ ಈ ಉಪಾಯ ಗೌರವಕ್ಕೆ ಪಾತ್ರವಾದುದು.

ಕಾರ್ಖಾನೆಯ ಮಾತು ಹೀಗೆ. 26 ಗ್ರಾಂ ಶುದ್ಧ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ, ದ್ರಾವಣವನ್ನು ಒಟ್ಟು 100 ಮಿಲಿಲೀಟರಿಗೆ ತಂದು, ಎರಡು ಡೆಸಿಮೀಟರ್ ನಳಿಗೆಯಲ್ಲಿ ನೋಡಿದಾಗ ಕಾಣುವ ತಿರುವನ್ನು 100 ಎಂದು ಹಿಡಿದು, ರಸದ ತಿರುವನ್ನು ಅದಕ್ಕೆ ಹೋಲಿಸುತ್ತಾರೆ. ಹೀಗೆ ಬಂದ ಅಂಕಿಗೆ ‘ಪೋಲ್’ ಎಂದು ಹೆಸರು. ಬ್ರಿಕ್ಸ್ ಎಂಬ ಇನ್ನೊಂದು ಅಳತೆ ರಸದಲ್ಲಿ ಕರಗಿರುವ ಎಲ್ಲವನ್ನೂ ಲೆಕ್ಕಕ್ಕೆ ತರುತ್ತದೆ. ಅದರಲ್ಲಿ ಸಕ್ಕರೆಯ ಪಾಲೆಷ್ಟೆಂಬುದನ್ನು ಪೋಲ್ ತಿಳಿಸುತ್ತದೆ.

ಕೇಂದ್ರ ಸರ್ಕಾರವು 2025–26ರ ಹಂಗಾಮಿಗೆ ಗೊತ್ತುಪಡಿಸಿದ ನ್ಯಾಯಸಮ್ಮತ ದರ, ಶೇಕಡ 10.25 ಇಳುವರಿಗೆ ಕ್ವಿಂಟಾಲಿಗೆ 355 ರೂಪಾಯಿ, ಇಳುವರಿ 0.1 ಏರಿದಂತೆಲ್ಲ 3.46 ರೂಪಾಯಿ ಹೆಚ್ಚು. 100 ಟನ್ ಕಬ್ಬು ಒಪ್ಪಿಸಿದವನಿಗೆ ಆ 0.1 ಎಂಬುದು 3,460 ರೂಪಾಯಿಯ ಪ್ರಶ್ನೆ. ಇಳುವರಿಯನ್ನು ತೀರ್ಮಾನಿಸುವುದು ಕಾರ್ಖಾನೆಯಲ್ಲಿ ಒಟ್ಟು ದೊರೆತ ಸಕ್ಕರೆಯ ತೂಕವೇ ಹೊರತು ಒಬ್ಬೊಬ್ಬನ ಕಬ್ಬಿನ ಪೋಲ್ ಅಲ್ಲ, ನಿಜ. ಆದರೆ ಸಕ್ಕರೆ ಗದ್ದೆಯಲ್ಲಿಯೇ ಕಡಮೆಯಿತ್ತೋ, ಸರದಿಗಾಗಿ ನಿಂತ ಲಾರಿಯಲ್ಲಿ ಕಳೆಯಿತೋ, ಸಿಪ್ಪೆ ಕಾಕಂಬಿಗಳೊಡನೆ ಹೋಯಿತೋ ಎಂಬ ವಿಚಾರಣೆಯಲ್ಲಿ ಪೋಲ್ ಮುಖ್ಯ ಸಾಕ್ಷಿ. ಕಡಿಯುವ ಆಜ್ಞೆ ತಡವಾಗಿ, ಕಡಿದ ಮೇಲೆ ಸಾಗಣೆಯೂ ತಡವಾಗಿ ಬೆಳೆಗಾರ ಪಡುವ ಪಾಡನ್ನು ಬಲ್ಲವರಿಗೆ ಈ ಸಾಕ್ಷಿಯ ಬೆಲೆ ತಿಳಿದೀತು.

ಆದರೂ ಈ ಸಾಕ್ಷಿಯನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಹಳಸಿದ ಕಬ್ಬಿನಲ್ಲಿ ಲ್ಯೂಕೋನಾಸ್ಟಾಕ್ ಎಂಬ ಸೂಕ್ಷ್ಮಜೀವಿ ಸೇರಿ ಸಕ್ಕರೆಯನ್ನು ತಿಂದು ಡೆಕ್ಸ್‌ಟ್ರಾನ್ ಎಂಬ ಲೋಳೆಯನ್ನು ಉಂಟುಮಾಡುತ್ತದೆ. ಈ ಲೋಳೆ ಸಕ್ಕರೆಗಿಂತ ಸರಿಸುಮಾರು ಮೂರು ಪಟ್ಟು ಬಲವಾಗಿ, ಅದೂ ಬಲಕ್ಕೇ, ಬೆಳಕನ್ನು ತಿರುಗಿಸುತ್ತದೆ. ಸಕ್ಕರೆ ನಷ್ಟವಾಗಿದ್ದರೂ ಮಾಪಕವು ಇದ್ದಷ್ಟನ್ನು ಮೀರಿ ತೋರಿಸೀತು. ಗದ್ದೆಯಿಂದ ಒಳ್ಳೆಯ ಕಬ್ಬೇ ಬಂದಿತೋ, ಬಂದದ್ದು ಕೆಟ್ಟಿತೋ ಎಂಬುದು ಆಗ ಮಸುಕಾಗುತ್ತದೆ. ಆದಕಾರಣ ಪೋಲ್ ಅಂಕಿಯನ್ನು ಓದುವ ರಸಾಯನಜ್ಞನು ಕಬ್ಬು ಕಡಿದ ದಿನ ಯಾವುದೆಂದೂ ಕೇಳಬೇಕಾಗುತ್ತದೆ.