ದೇವರಿಗೊಂದು ಅರ್ಜಿ

2024ರ ಡಿಸೆಂಬರಿನಲ್ಲಿ ಕಲಬುರಗಿ ಜಿಲ್ಲೆ ಅಫಜಲಪುರ ತಾಲ್ಲೂಕಿನ ಘತ್ತರಗಿಯಲ್ಲಿ ಭಾಗ್ಯವಂತಿ ದೇವಿಯ ಹುಂಡಿ ಎಣಿಸುತ್ತಿದ್ದವರ ಕೈಗೆ ಇಪ್ಪತ್ತು ರೂಪಾಯಿಯ ಒಂದು ನೋಟು ಸಿಕ್ಕಿತು. ಅತ್ತೆ ಬೇಗ ಸಾಯಬೇಕೆಂಬ ಕೋರಿಕೆಯನ್ನು ಯಾರೋ ಅದರ ಮೇಲೆ ಬರೆದಿದ್ದರು. ಬರೆದವರು ಸೊಸೆಯೋ ಅಳಿಯನೋ, ನೋಟಿನಲ್ಲಿ ಸುಳಿವಿರಲಿಲ್ಲ. ಫೋಟೊ ಮೊಬೈಲಿನಿಂದ ಮೊಬೈಲಿಗೆ ಹಾರಿತು. ನಾಡೆಲ್ಲ ನಕ್ಕಿತು.

ನಗು ಬರುವುದೇನೋ ಸಹಜವೇ. ಆದರೆ ಆ ಮಾತನ್ನು ಇನ್ನೆಲ್ಲಿ ಆಡಬಹುದಿತ್ತು? ಮನೆಯಲ್ಲಿ ಆಡಿದರೆ ರಂಪ. ತವರಿನಲ್ಲಿ ಆಡಿದರೆ ‘ಹೊಂದ್ಕೊಂಡು ಹೋಗಮ್ಮ’. ಠಾಣೆಗೆ ಹೋಗಿ ಆಡಿದರೆ ಆಡಿದವರನ್ನೇ ಕೂರಿಸಿಕೊಂಡಾರು. ಕಿವಿಗೊಟ್ಟು ಕೇಳಿಯೂ ಯಾರಿಗೂ ಹೇಳದವಳು ದೇವಿಯೊಬ್ಬಳೇ ಎಂದು ನಂಬಿ ಬರೆದ ಮಾತದು. ಆ ನಂಬಿಕೆ ಹುಂಡಿಯ ಬೀಗ ತೆಗೆಯುವವರೆಗೆ ಮಾತ್ರ ಉಳಿಯಿತು.

ಹುಂಡಿಗೆ ಚೀಟಿ ಹಾಕುವುದರಲ್ಲಿ ಕರ್ನಾಟಕಕ್ಕೆಲ್ಲ ಹೆಸರಾದ ದೇವಿಯೆಂದರೆ ಹಾಸನಾಂಬೆ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಳೆಕಂದು ಕಡಿದು ಗರ್ಭಗುಡಿಯ ಬಾಗಿಲು ತೆಗೆಯುತ್ತಾರೆ, ಬಲಿಪಾಡ್ಯಮಿ ಮುಗಿಯುತ್ತಿದ್ದಂತೆ ಹಾಕುತ್ತಾರೆ. 2025ರಲ್ಲಿ ಅಕ್ಟೋಬರ್ 9ರಿಂದ 23ರವರೆಗೆ ತೆರೆದಿತ್ತು. ಉಳಿದ ದಿನಗಳಲ್ಲಿ ದೇವಿ ಯಾರಿಗೂ ಸಿಗುವುದಿಲ್ಲ. ಬಾಗಿಲು ಹಾಕಿದ ಮೇಲೆ ಹುಂಡಿ ಎಣಿಕೆ. ನೋಟು, ಚಿಲ್ಲರೆ, ಒಡವೆಗಳ ನಡುವೆ ಮಡಿಸಿದ ಹಾಳೆಗಳು. ಪರೀಕ್ಷೆ ಪಾಸು ಮಾಡಿಸು, ಕೆಲಸ ಕೊಡಿಸು, ಪ್ರೀತಿಸಿದವನ ಜೊತೆಗೇ ಮದುವೆ ಮಾಡಿಸು, ಗಂಡ ಕುಡಿಯುವುದು ಬಿಡಲಿ, ನಮ್ಮ ರಸ್ತೆ ಸರಿಯಾಗಲಿ, ಇಂಥವರು ಗೆಲ್ಲಲಿ. ಮರುದಿನದ ಪತ್ರಿಕೆಗಳಲ್ಲಿ ಇದೊಂದು ಖಾಯಂ ಸುದ್ದಿ.

ಈ ಕಾಗದಗಳು ಹಾಸನಾಂಬೆಗೇ ಯಾಕೆ? ಅವಳ ಗುಡಿಯೊಳಗಿನ ಒಂದು ಕಲ್ಲಿನ ಕತೆ ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. ಸೊಸೆಯೊಬ್ಬಳು ದಿನವೂ ದೇವಿಯ ಮುಂದೆ ಬಂದು ನಿಲ್ಲುತ್ತಿದ್ದಳಂತೆ. ಮನೆಗೆಲಸ ಬಿಟ್ಟು ಇವಳು ಹೋಗುವುದೆಲ್ಲಿಗೆಂದು ಹಿಂದೆಯೇ ಬಂದ ಅತ್ತೆ, ದೇವಿಯೆದುರಿಗೇ ಅವಳ ತಲೆಗೆ ಹೊಡೆದಳಂತೆ. ಸೊಸೆ ‘ಅಮ್ಮಾ’ ಎಂದು ಕೂಗಿಕೊಂಡಳು. ದೇವಿ ಅವಳನ್ನು ಕಲ್ಲಾಗಿಸಿ ತನ್ನ ಹತ್ತಿರವೇ ಇಟ್ಟುಕೊಂಡಳು. ಆ ಸೊಸೆಕಲ್ಲು ವರ್ಷಕ್ಕೆ ಒಂದು ಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತಿದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಎಂಬುದು ನಂಬಿಕೆ. ಈ ಕತೆಯಲ್ಲಿ ಅತ್ತೆಗೆ ಏನು ಶಿಕ್ಷೆಯಾಯಿತೆಂದು ಯಾರೂ ಹೇಳುವುದಿಲ್ಲ. ದೂರು ದಾಖಲಾಗಿದೆ, ದೂರುದಾರಳಿಗೆ ಆಶ್ರಯ ಸಿಕ್ಕಿದೆ, ತೀರ್ಪನ್ನು ಯುಗಾಂತ್ಯಕ್ಕೆ ಮುಂದೂಡಲಾಗಿದೆ. ನಮ್ಮ ಸಿವಿಲ್ ಕೋರ್ಟುಗಳ ವಾಯಿದೆ ಕಂಡವರಿಗೆ ಇದೇನೂ ಹೊಸದಲ್ಲ ಬಿಡಿ. ಘತ್ತರಗಿಯ ನೋಟಿಗೂ ಹಾಸನದ ಕಲ್ಲಿಗೂ ನಡುವೆ ಇಡೀ ರಾಜ್ಯದ ಉದ್ದವಿದ್ದರೂ ಅಹವಾಲು ಮಾತ್ರ ಒಂದೇ.

ಕಾಗದ ಹೊಸದು, ದೂರು ಬಹಳ ಹಳೆಯದು. ಆದರೆ ಹಳೆಯ ಕಾಲದಲ್ಲಿ ಅಳುವವರ ಮಾತು ಬರಹಕ್ಕೆ ಇಳಿಯುತ್ತಿರಲಿಲ್ಲ. 2018ರಲ್ಲಿ ಬೆಳಕಿಗೆ ಬಂದ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲನ್ನು ನೋಡಿ. ಗಂಗ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ಶಾಸನ. ಕಿತ್ತಯ್ಯ ಕಾದಿ ಮಡಿದ ಎಂದು ಕಲ್ಲು ಹೇಳುತ್ತದೆ. ಅವನ ತಾಯಿ ಹೇಗೆ ಎದೆ ಬಡಿದುಕೊಂಡಳು, ಯಾವ ದೇವರಿಗೆ ಹಿಡಿಶಾಪ ಹಾಕಿದಳು ಎಂಬುದು ಅಲ್ಲಿಲ್ಲ. ಬರಹ ರಾಜನ ಕೆಲಸಕ್ಕಿತ್ತು, ಗೋಳು ಬಾಯಲ್ಲೇ ಇತ್ತು. ದಾನಶಾಸನಗಳಲ್ಲಿ ದೇವರಿಗೆ ಒಪ್ಪಿಸಿದ ಒಂದು ಕಾವಲಿನ ಮಾತು ಮಾತ್ರ ಕಾಣುತ್ತದೆ: ಈ ದಾನ ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ ಬರಲಿ ಎಂಬ ಧಾಟಿಯ ಶಾಪ. ಅದೂ ಆಸ್ತಿಯುಳ್ಳವರ ಪರವಾಗಿ.

ಹನ್ನೆರಡನೆಯ ಶತಮಾನದಲ್ಲಿ ಒಂದು ತಿರುವು ಬಂತು. ಕಾಯಬೇಕಾದವರೇ ಕೊಲ್ಲುವಾಗ ದೂರು ಕೊಡುವುದು ಯಾರಿಗೆ ಎಂದು ಬಸವಣ್ಣ ಕೂಡಲಸಂಗಮನನ್ನೇ ಕೇಳಿದರು. ಇಲ್ಲಿ ಭಕ್ತ ಕೈ ಚಾಚಿ ನಿಂತಿಲ್ಲ, ಜವಾಬು ಕೇಳುತ್ತಿದ್ದಾನೆ. ಮುಂದೆ ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ಹಾವು ಕಚ್ಚಿ ಸತ್ತ ಮಗನನ್ನು ತೊಡೆಯ ಮೇಲಿಟ್ಟುಕೊಂಡು ಚಂದ್ರಮತಿ ಅತ್ತಳು. ಆ ಅಳಲು ತಲೆಮಾರುಗಳ ಕಾಲ ಶಾಲೆಯ ಪಾಠಗಳಲ್ಲಿ ಉಳಿಯಿತು. ಹರಿದಾಸರು ನಿಂದಾಸ್ತುತಿಯೆಂಬ ಪ್ರಕಾರವನ್ನೇ ಬೆಳೆಸಿದರು. ಸಾಲ ಕೊಟ್ಟವನು ಸಾಲಗಾರನನ್ನು ಬಾಗಿಲಲ್ಲಿ ತಡೆದು ನಿಲ್ಲಿಸಿದ ಹಾಗೆ ವಿಠಲನನ್ನು ತಡೆದು ಬೈಯುವ ಪದಗಳವು. ಉಡುಪಿಯಲ್ಲಿ ಒಳಗೆ ಬಿಡದಿದ್ದಾಗ ಕನಕದಾಸರು ಹಿಂದೆ ನಿಂತು ಮೊರೆಯಿಟ್ಟರು, ಕೃಷ್ಣ ತಿರುಗಿದ ಎಂಬ ಐತಿಹ್ಯವನ್ನು ನಂಬುವವರು ನಂಬಲಿ, ಬಿಡುವವರು ಬಿಡಲಿ. ಬಾಗಿಲು ಕಾಯುವವರ ಮೇಲಿನ ದೂರನ್ನು ನೇರ ಒಳಗಿದ್ದವನಿಗೇ ಮುಟ್ಟಿಸಬಹುದೆಂಬ ಧೈರ್ಯವನ್ನು ಆ ಕತೆ ಎಷ್ಟು ಜನಕ್ಕೆ ಕೊಟ್ಟಿದೆಯೋ.

ದಾಸರ ಪದಗಳನ್ನು ಕಟ್ಟಿದವರಲ್ಲಿ ಹೆಚ್ಚಿನವರು ಗಂಡಸರು. ಹೆಂಗಸರಿಗೆ ಬೀಸುಕಲ್ಲಿತ್ತು. ನಸುಕಿನಲ್ಲಿ ಎದ್ದು ಜೋಳ ಬೀಸುತ್ತ, ಅತ್ತಿಗೆ ನಾದಿನಿಯರ ಚುಚ್ಚುಮಾತು, ತವರಿನವರ ಮರೆವು, ತೀರಿಹೋದ ಮಕ್ಕಳು ಎಲ್ಲವನ್ನೂ ಮೂರು ಮೂರು ಸಾಲಿನಲ್ಲಿ ಶಿವನಿಗೂ ಮಲ್ಲಯ್ಯನಿಗೂ ಹೇಳಿಕೊಂಡರು. ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಇಂಥ ತ್ರಿಪದಿಗಳ ಸಂಗ್ರಹ. ಬೀಸುವ ಸದ್ದಿನಲ್ಲಿ ಹಾಡು ಮುಚ್ಚಿಹೋಗುತ್ತಿತ್ತು, ಅದೇ ಅದರ ಅನುಕೂಲ. ಹಿಟ್ಟಿನ ಗಿರಣಿ ಬಂದ ಮೇಲೆ ರಟ್ಟೆಗೆ ಬಿಡುವು ಸಿಕ್ಕಿತು, ದುಃಖ ಹೇಳಿಕೊಳ್ಳುವ ಆ ಗಳಿಗೆ ಮಾತ್ರ ಹೋಯಿತು. ಅಷ್ಟರಲ್ಲಿ ಹೆಣ್ಣುಮಕ್ಕಳು ಶಾಲೆಗೆ ಹೋಗತೊಡಗಿದ್ದರು. 2011ರ ಜನಗಣತಿಯ ಹೊತ್ತಿಗೆ ರಾಜ್ಯದ ಹೆಂಗಸರಲ್ಲಿ ನೂರಕ್ಕೆ 68 ಮಂದಿ ಓದುಬರಹ ಬಲ್ಲವರು. ಅಜ್ಜಿ ಕಲ್ಲಿಗೆ ಹೇಳಿದ್ದನ್ನು ಮೊಮ್ಮಗಳು ನೋಟ್‌ಬುಕ್ಕಿನಿಂದ ಹಾಳೆ ಹರಿದು ಬರೆದಳು.

ಬರೆಯುವ ರೀತಿಯನ್ನು ಅವಳಿಗೆ ಕಲಿಸಿದ್ದು ಗುಡಿಯಲ್ಲ, ಕಚೇರಿ. 1881ರ ಮಾರ್ಚ್‌ನಲ್ಲಿ ಮೈಸೂರು ಮತ್ತೆ ಒಡೆಯರ ಕೈಗೆ ಬಂತು. ಅದೇ ವರ್ಷದ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದರು. 144 ಜನ ಪ್ರತಿನಿಧಿಗಳು, ದಸರೆಯ ಕಾಲ. ತಾಲ್ಲೂಕುಗಳ ಕಷ್ಟಸುಖವನ್ನು ದೊರೆತನದ ಮುಂದಿಡಲು ಅವರಿಗೆ ಅವಕಾಶವಿತ್ತು, ಆಗಲೇಬೇಕೆಂದು ಪಟ್ಟು ಹಿಡಿಯುವ ಅಧಿಕಾರ ಇರಲಿಲ್ಲ. ಸರ್ಕಾರ ಕೇಳಿಸಿಕೊಳ್ಳಬೇಕು, ಅಷ್ಟೇ. ಅಲ್ಲಿಂದ ಇಲ್ಲಿಯವರೆಗೆ ಅರ್ಜಿ ನಮ್ಮ ರಕ್ತಕ್ಕೆ ಇಳಿದಿದೆ. ‘ಇಂದ’, ‘ಗೆ’, ‘ವಿಷಯ’, ‘ಮಾನ್ಯರೇ’ ಎಂಬ ಕ್ರಮವನ್ನು ಹೈಸ್ಕೂಲಿನ ಕನ್ನಡ ಪರೀಕ್ಷೆಗೆ ಉರು ಹೊಡೆಯದವರು ಯಾರಿದ್ದಾರೆ? ಯಾವ ಊರಿನದ್ದೇ ಇರಲಿ, ತಾಲ್ಲೂಕು ಕಚೇರಿಗೆ ಬರಿಗೈಯಲ್ಲಿ ಹೋಗಿ ಕಷ್ಟ ಹೇಳಿದರೆ ಮೊದಲು ಬರುವ ಮಾತು ‘ಬರ್ದು ಕೊಡ್ರೀ’. ದೇವರೂ ಬರೆದದ್ದನ್ನೇ ತೆಗೆದುಕೊಳ್ಳುತ್ತಾನೆಂದು ಜನ ಅಂದುಕೊಂಡರೆ ಅದರಲ್ಲಿ ಆಶ್ಚರ್ಯವೇನು?

ಈ ಊಹೆ ನನ್ನೊಬ್ಬನ ತಲೆಯಲ್ಲಿ ಹುಟ್ಟಿದ್ದಲ್ಲ. ಉತ್ತರಾಖಂಡದ ಅಲ್ಮೋರಾ ಬಳಿಯ ಚಿತಈ ಗೋಲು ದೇವತೆಯ ಗುಡಿಯಲ್ಲಿ ಗಂಟೆಗಳ ಜೊತೆಗೆ ಸ್ಟಾಂಪ್ ಪೇಪರಿನ ಅರ್ಜಿಗಳೇ ತೂಗಾಡುತ್ತವೆ. ಗೋಲು ಅಲ್ಲಿ ನ್ಯಾಯದ ದೇವರು. ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಜಿನ್‌ಗಳಿಗೆ ಬರೆಯುವವರು ಒಂದೇ ಕಾಗದದ ಜೆರಾಕ್ಸ್ ಪ್ರತಿಗಳನ್ನು ಬೇರೆ ಬೇರೆ ಗೂಡುಗಳಲ್ಲಿ ಇಡುತ್ತಾರೆ, ಒಂದೊಂದು ಇಲಾಖೆಗೆ ಒಂದೊಂದು ಪ್ರತಿ ಎಂಬಂತೆ. ಇನ್ನೂ ಹಿಂದೆ ಹೋದರೆ ಇಂಗ್ಲೆಂಡಿನ ಬಾತ್ ಊರಿನ ಬಿಸಿನೀರಿನ ಬುಗ್ಗೆಯಲ್ಲಿ ರೋಮನ್ನರ ಕಾಲದ ಸುಮಾರು 130 ಸೀಸದ ತಗಡುಗಳು ಸಿಕ್ಕಿವೆ. ಸ್ನಾನಕ್ಕೆ ಇಳಿದಾಗ ನನ್ನ ಬಟ್ಟೆ ಕದ್ದವನನ್ನು ಬಿಡಬೇಡ ಎಂಬಂಥ ಫಿರ್ಯಾದುಗಳು, ಸುಲಿಸ್ ಮಿನರ್ವಾ ದೇವತೆಗೆ.

ನಮ್ಮ ಕರಾವಳಿ ಬೇರೆ ದಾರಿ ಹಿಡಿಯಿತು. ಅಲ್ಲಿ ದೂರು ಕೇಳಿದ ದೈವ ಎದುರಿಗೇ ಮಾತಾಡುತ್ತದೆ. ಕಾಸರಗೋಡಿನ ಕಾನತ್ತೂರು ದೈವಸ್ಥಾನದಲ್ಲಿ ದೂರು ಕೊಟ್ಟರೆ ಎದುರು ಪಕ್ಷಕ್ಕೆ ಕರೆ ಹೋಗುತ್ತದೆ. ಧರ್ಮಸ್ಥಳದಲ್ಲಿ ಹೆಗ್ಗಡೆಯವರ ಮುಂದೆ ಹೊಯ್ಲು ನಡೆಯುತ್ತದೆ, ಭೂಮಿಯ ತಕರಾರೂ ದಾಯಾದಿ ಜಗಳವೂ ಅಲ್ಲಿಗೆ ಬರುತ್ತವೆ. ಉತ್ತರ ಬರುವ ಕಡೆ ಕಾಗದದ ಗೊಡವೆ ಕಡಿಮೆ. ಬಯಲುಸೀಮೆಯ ದೇವರುಗಳು ಬಲಗಡೆಯ ಹೂವು ಬೀಳಿಸುವುದಕ್ಕಿಂತ ಹೆಚ್ಚು ಮಾತಾಡುವವರಲ್ಲ, ಅಂಥವರಿಗೆ ಬರೆದೇ ತಿಳಿಸಬೇಕು.

ಕ್ರೈಸ್ತರಲ್ಲಂತೂ ದೇವರ ಮೇಲೆ ದೂರು ಹೇಳುವುದಕ್ಕೆ ಶಾಸ್ತ್ರದ ಒಪ್ಪಿಗೆಯೇ ಇದೆ. ಕನ್ನಡ ಬೈಬಲಿನ ‘ಕೀರ್ತನೆಗಳು’ ಭಾಗದಲ್ಲಿ ಸ್ತುತಿಗಿಂತ ಅಳಲೇನೂ ಕಡಿಮೆಯಿಲ್ಲ, ‘ಪ್ರಲಾಪಗಳು’ ಎಂಬ ಒಂದು ಪುಸ್ತಕವೇ ಬೇರೆ ಇದೆ. ಬೆಂಗಳೂರಿನ ವಿವೇಕನಗರದ ಬಾಲ ಯೇಸು ದೇವಾಲಯಕ್ಕೆ ಗುರುವಾರ ಹೋಗಿ ನೋಡಿದರೆ ಕುಂಕುಮ ಇಟ್ಟವರೂ ಬುರ್ಖಾ ತೊಟ್ಟವರೂ ಮೊಂಬತ್ತಿ ಹಿಡಿದು ನಿಂತಿರುತ್ತಾರೆ. ಕಷ್ಟ ಹೇಳಿಕೊಳ್ಳುವಾಗ ಬೆಂಗಳೂರು ಜಾತಿ ಕೇಳುವುದಿಲ್ಲ, ಬಸ್ ನಂಬರ್ ಕೇಳುತ್ತದೆ.

ಇಷ್ಟೆಲ್ಲ ಕಾಲ ತೆಗೆದುಕೊಂಡು ಬೆಳೆದುಬಂದ ರೂಢಿಯನ್ನು ನಾವು ನಡೆಸಿಕೊಳ್ಳುತ್ತಿರುವ ರೀತಿ ಮಾತ್ರ ನನಗೆ ಸರಿಕಾಣುವುದಿಲ್ಲ. ಹುಂಡಿ ಎಣಿಕೆಗೆ ಅಧಿಕಾರಿಗಳಿರಬೇಕು, ಕ್ಯಾಮೆರಾ ಇರಬೇಕು, ಬ್ಯಾಂಕಿನವರು ಇರಬೇಕು, ಒಪ್ಪೋಣ. ಅದು ದುಡ್ಡಿಗೆ ಬೇಕಾದ ಶಿಸ್ತು. ಹಾಳೆ ಬಿಡಿಸಿ ಓದಿ, ಫೋಟೊ ತೆಗೆದು, ಹುಡುಗಿಯ ಅಕ್ಷರ ಗುರುತು ಹಿಡಿಯುವಂತೆ ಟೀವಿಯಲ್ಲಿ ತೋರಿಸುವುದು ಯಾವ ಲೆಕ್ಕಕ್ಕೆ? ಗಂಡನ ಕುಡಿತದ ಬಗ್ಗೆ ಬರೆದ ಹೆಂಗಸು ಸಂಜೆ ಅದೇ ಗಂಡನ ಜೊತೆ ಕೂತು ಆ ಸುದ್ದಿ ನೋಡಬೇಕಾಗಬಹುದು. ಚಿತಈ ಗುಡಿಯಲ್ಲಿ ಅರ್ಜಿ ತೂಗುಹಾಕುವವರಿಗೆ ನಾಲ್ಕು ಜನ ಓದುತ್ತಾರೆಂದು ಗೊತ್ತಿರುತ್ತದೆ. ಮಡಿಸಿ, ಸೀಳಿನೊಳಗೆ ತೂರಿಸಿದವರು ಹಾಗೆ ಒಪ್ಪಿಲ್ಲ. ಜೆರುಸಲೇಮಿನ ಪಶ್ಚಿಮ ಗೋಡೆಯ ಸಂದುಗಳಲ್ಲಿ ಲೋಕದ ಎಲ್ಲ ಕಡೆಯವರು ಚೀಟಿ ಸಿಕ್ಕಿಸುತ್ತಾರೆ. ವರ್ಷಕ್ಕೆ ಎರಡು ಸಲ ಅವನ್ನು ತೆಗೆದು, ಓದದೆ, ಆಲಿವ್ ಗುಡ್ಡದಲ್ಲಿ ಹೂಳುತ್ತಾರೆ.

ಈಗ ಗುಡಿಗಳಲ್ಲಿ ಇ-ಹುಂಡಿ ಬಂದಿದೆ. ಕ್ಯೂಆರ್ ಕೋಡ್‌ನ ಫಲಕಕ್ಕೆ ಸೀಳಿಲ್ಲ, ಅದರೊಳಗೆ ಹಾಳೆ ಹಾಕಲಾಗುವುದಿಲ್ಲ. ದುಡ್ಡು ಕಳಿಸುವ ಆ್ಯಪ್‌ನಲ್ಲಿ ಟಿಪ್ಪಣಿ ಬರೆಯಲು ಒಂದು ಪುಟ್ಟ ಜಾಗ ಇದ್ದೇ ಇರುತ್ತದೆ. ಅಲ್ಲಿ ಅತ್ತೆಯ ಮೇಲಿನ ದೂರು ಬರೆದರೆ ಅದು ಬರೆದವರ ಹೆಸರಿನ ಸಮೇತ ಬ್ಯಾಂಕಿಗೆ ಹೋಗುತ್ತದೆ, ನೋಟಿಗಿಂತಲೂ ಅಪಾಯ. ಹಾಸನಾಂಬೆಯ ಸನ್ನಿಧಿಯಲ್ಲಿ ಮುನ್ನೂರು ರೂಪಾಯಿಗೊಂದು, ಸಾವಿರ ರೂಪಾಯಿಗೊಂದು ಸರತಿ ಮಾಡಿದವರಿಗೆ ಕಾಗದಕ್ಕೆಂದೇ ಒಂದು ಪೆಟ್ಟಿಗೆ ಮಾಡಿಸುವುದು ಕಷ್ಟವಲ್ಲ. ಎಣಿಕೆಯ ದಿನ ಅದನ್ನು ತೆಗೆಯುವುದೇ ಬೇಡ. ಬೀಗ ಹಾಕಿದ ಹಾಗೇ ಕೊಂಡೊಯ್ದು ಕೆರೆಯಂಗಳದಲ್ಲೋ ತೋಪಿನಲ್ಲೋ ಒಂದು ಗುಂಡಿ ತೋಡಿ ಮುಚ್ಚಿದರಾಯಿತು. ಮುಜರಾಯಿ ಇಲಾಖೆಗೆ ಇದನ್ನೂ ಬರೆದೇ ಕೊಡಬೇಕೇನೋ, ‘ಇಂದ’, ‘ಗೆ’, ‘ವಿಷಯ’ ಹಾಕಿ, ಎರಡು ಪ್ರತಿಗಳಲ್ಲಿ.