‘ಅಕ್ಕಾರ, ನಿದ್ದಿ ಮಾಡಸಾಕೂ ಪಗಾರ ಕೊಡ್ತಾರೇನ್ರಿ?’

‘ದವಾಖಾನ್ಯಾಗ ಯಾರ್ಯಾರು ಕೆಲಸ ಮಾಡ್ತಾರ?’ ಎಂದು ಕೇಳಿದೆ. ‘ಡಾಕ್ಟರ್ರು, ನರ್ಸಕ್ಕಾರು, ಚೀಟಿ ಬರಿಯಾವ್ರು’ ಎಂದು ಒಂಬತ್ತನೇ ತರಗತಿಯ ಮಕ್ಕಳು ಕೂಗಿದರು. ನನ್ನ ಕೆಲಸ ಯಾರ ಬಾಯಲ್ಲೂ ಬರಲಿಲ್ಲ.

ನವಲಗುಂದ ತಾಲ್ಲೂಕಿನ ಆ ಶಾಲೆಯಲ್ಲೇ ನಾನೂ ಓದಿದ್ದು. ಈಗ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ತಂತ್ರಜ್ಞೆ. 1846ರ ಅಕ್ಟೋಬರ್ 16ರಂದು ಬಾಸ್ಟನ್‌ನಲ್ಲಿ ಈಥರ್ ಕೊಟ್ಟು ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿ ತೋರಿಸಿದ್ದರು. ಅದರ ನೆನಪಿನ ವಿಶ್ವ ಅರಿವಳಿಕೆ ದಿನಕ್ಕೆಂದು ರಜೆ ಹಾಕಿ ಊರಿಗೆ ಬಂದಿದ್ದೆ.

ಹುಡುಗನೊಬ್ಬನ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಉಸಿರು ಹಿಡಿಯಲು ಹೇಳಿದೆ. ಮುಖ ಕೆಂಪಾದರೂ ಅಂಕಿ 98ರಿಂದ ಕದಲಲಿಲ್ಲ. ‘ಮಷಿನ್ ಕೆಟ್ಟೈತ್ರಿ!’ ಎಂದ. ಕೆಟ್ಟಿಲ್ಲ, ಮೈಯೊಳಗೆ ಉಳಿದಿರುವ ಆಮ್ಲಜನಕ ಕರಗುವವರೆಗೆ ಅದು ಸುಮ್ಮನಿರುತ್ತದೆ. ಅದಕ್ಕೇ ನಾವು ಯಂತ್ರವನ್ನಷ್ಟೇ ನಂಬದೆ ರೋಗಿಯ ಎದೆಯ ಏರಿಳಿತವನ್ನೂ ನೋಡುತ್ತಿರುತ್ತೇವೆ ಎಂದೆ.

ಅಮೆರಿಕದಲ್ಲಿ ವಿಶೇಷ ತರಬೇತಿ ಪಡೆದ ನರ್ಸ್‌ಗಳೂ ಅರಿವಳಿಕೆ ಕೊಡುತ್ತಾರೆ. ನಮ್ಮಲ್ಲಿ ಕೊಡುವವರು ವೈದ್ಯರು. ಆಮ್ಲಜನಕ, ಗಂಟಲಿಗೆ ಇಳಿಸುವ ನಳಿಕೆ, ಔಷಧಿ ಎಲ್ಲ ಸರಿಯಿದೆಯೇ ಎಂದು ಮೊದಲೇ ನೋಡಿಟ್ಟು, ಪಕ್ಕದಲ್ಲೇ ನಿಲ್ಲುವವರು ನಾವು. ‘ಒಂದ್ ಕಪ್ ಚಹಾಕ್ಕ ಏನಾಗತೈತಿ’ ಎಂದು ಆಪರೇಷನ್‌ಗೆ ಮುಂಚೆ ಕದ್ದು ಕುಡಿಸಬೇಡಿ, ಮಂಪರಿನಲ್ಲಿ ಅದು ಹೊಟ್ಟೆಯಿಂದ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು ಎಂದಾಗ ಗದ್ದಲವೆಲ್ಲ ನಿಂತಿತು. ಆಗಲೇ ಹಿಂದಿನ ಸಾಲಿನಿಂದ ಪಗಾರದ ಪ್ರಶ್ನೆ ಬಂದದ್ದು. ನಗು ಮುಗಿದ ಮೇಲೆ ‘ಎಚ್ಚರ ಆಗೂ ಮಟಾ ಕಾಯಾಕ ಕೊಡ್ತಾರಪ್ಪ’ ಎಂದೆ.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಇದಕ್ಕೆಂದೇ ಬಿ.ಎಸ್ಸಿ. ಪದವಿ ಇದೆ. ಆದರೆ ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲೇ ಈ ಬಾಗಿಲು ತೆರೆಯುವುದು, ಇಲ್ಲವೇ ಮುಚ್ಚುವುದು. ಯಾವಾಗಲೂ ನನಗಿಂತ ಹೆಚ್ಚು ಅಂಕ ತೆಗೆಯುತ್ತಿದ್ದ ನನ್ನ ಗೆಳತಿಗೆ ಅದನ್ನು ಹೇಳುವವರೇ ಇರಲಿಲ್ಲ. ಅವಳ ಹೆಸರು ಹೇಳಿದರೆ ಮಾಸ್ತರರು ಈಗಲೂ ನಿಟ್ಟುಸಿರು ಬಿಡುತ್ತಾರೆ.

ಎಲ್ಲರೂ ಹೋದ ಮೇಲೆ ಹುಡುಗಿಯೊಬ್ಬಳು ಹತ್ತಿರ ಬಂದಳು. ‘ಅಕ್ಕಾರ, ಊರಾಗ ಸೈನ್ಸ್ ಕಾಲೇಜಿಲ್ರಿ. ಮನ್ಯಾಗ ಆರ್ಟ್ಸ್ ತಗೋ ಅಂದಾರ.’ ಅಪ್ಪನಿಗೆ ಕೊಡು ಎಂದು ನನ್ನ ನಂಬರ್ ಬರೆದುಕೊಟ್ಟೆ.

ಕಡಲೆ ಬಿತ್ತನೆ ಮುಗಿಸಿ ಆತ ಫೋನ್ ಮಾಡಿದ್ದು ದೀಪಾವಳಿಗೆ ನಾನು ಮನೆಯಲ್ಲಿದ್ದಾಗ.

‘ಯವ್ವಾ, ಈ ಕೆಲಸದಾಗ ಹುಡುಗಿ ರಾತ್ರಿ ಡ್ಯೂಟಿನೂ ಮಾಡಬೇಕೇನವಾ?’

ಸುಳ್ಳು ಹೇಳಲಾಗಲಿಲ್ಲ. ‘ಮಾಡಬೇಕ್ರಿ.’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ನಿಮ್ಮಪ್ಪ ಹೆಂಗ ಒಪ್ಪಿದ್ರು?’

ಕಟ್ಟೆಯ ಮೇಲೆ ಕುಳಿತಿದ್ದ ಅಪ್ಪನ ಕೈಗೆ ಫೋನ್ ಕೊಟ್ಟು ಒಳಗೆ ಬಂದೆ. ಅರ್ಧ ತಾಸಾದರೂ ಅವರ ಮಾತು ಮುಗಿದಿರಲಿಲ್ಲ.