ಭಾರ ಪರೀಕ್ಷೆಯಲ್ಲಿ ಫೈಲಿನ ವಿಳಾಸ

ಪರೀಕ್ಷೆಯ ಫಲಿತಾಂಶ ಹೊರಬಿದ್ದ ಗಳಿಗೆಯಲ್ಲಿ ಲಕ್ಷಾಂತರ ವಿದ್ಯಾರ್ಥಿಗಳು ಒಂದೇ ಜಾಲತಾಣದ ಬಾಗಿಲು ತಟ್ಟುತ್ತಾರೆ. ಅಷ್ಟು ಜನರನ್ನು ಆ ತಾಣ ತಾಳಿಕೊಂಡೀತೇ ಎಂದು ಮೊದಲೇ ತಿಳಿಯಲು ನಡೆಸುವುದೇ ಭಾರ ಪರೀಕ್ಷೆ, ಅಂದರೆ ಲೋಡ್ ಟೆಸ್ಟಿಂಗ್. ಇಲ್ಲಿ ಒಂದು ತಂತ್ರಾಂಶವೇ ಸಾವಿರಾರು ಬಳಕೆದಾರರಂತೆ ನಟಿಸಿ ಕೋರಿಕೆಗಳನ್ನು ಕಳುಹಿಸುತ್ತದೆ. ಉಚಿತವಾಗಿ ದೊರೆಯುವ ಅಪಾಚೆ ಜೆಮೀಟರ್ ಇಂತಹವುಗಳಲ್ಲಿ ಹೆಸರಾದದ್ದು. ಜಾವಾ ಭಾಷೆಯಲ್ಲಿ ಬರೆದಿರುವುದರಿಂದ ಅದು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ.

ಹಾಗಾದರೆ ವಿಂಡೋಸಿನಲ್ಲಿ ಸಿದ್ಧಪಡಿಸಿದ ಪರೀಕ್ಷೆ ಲಿನಕ್ಸಿನಲ್ಲೂ ಹಾಗೆಯೇ ಓಡಬೇಕಲ್ಲವೇ? ತಂತ್ರಾಂಶವೇನೋ ಓಡುತ್ತದೆ, ಎಡವುವುದು ಫೈಲಿನ ವಿಳಾಸದಲ್ಲಿ. ನಟನೆಯ ಬಳಕೆದಾರರಿಗೆ ಒಂದೊಂದು ನೋಂದಣಿ ಸಂಖ್ಯೆ ಬೇಕು. ಅವನ್ನು ಒಂದು ಫೈಲಿನಲ್ಲಿ ಸಾಲಾಗಿ ಬರೆದಿಟ್ಟು, ಅದು ಎಲ್ಲಿದೆಯೆಂದು ಜೆಮೀಟರಿಗೆ ಹೇಳಬೇಕು. ‘ಡಿ:\ಮಾಹಿತಿ\ಸಂಖ್ಯೆ’ ಎಂದರೆ ವಿಂಡೋಸಿಗೆ ತಿಳಿಯುತ್ತದೆ. ಲಿನಕ್ಸಿನಲ್ಲಿ ‘ಡಿ’ ಎಂಬ ಡ್ರೈವೇ ಇಲ್ಲ. ಎಲ್ಲ ಫೋಲ್ಡರುಗಳೂ ‘/’ ಎಂಬ ಒಂದೇ ಬೇರಿನಿಂದ ಕವಲೊಡೆಯುತ್ತವೆ. ‘\’ ಗೆರೆಯಂತೂ ಅಲ್ಲಿ ಹೆಸರಿನೊಳಗಿನ ಇನ್ನೊಂದು ಅಕ್ಷರವಷ್ಟೆ.

ಈ ಎರಡು ಗೆರೆಗಳ ಜಗಳ ಹಳೆಯದು. ಯುನಿಕ್ಸ್ 1970ರ ದಶಕದಲ್ಲೇ ‘/’ ಬಳಸುತ್ತಿತ್ತು. 1981ರ ಎಂಎಸ್-ಡಾಸ್‌ನಲ್ಲಿ ಫೋಲ್ಡರುಗಳೇ ಇರಲಿಲ್ಲ. ‘/’ ಗೆರೆಯನ್ನು ಆದೇಶಗಳ ಆಯ್ಕೆಗಳನ್ನು ಸೂಚಿಸಲು ಬಳಸಿಕೊಂಡಿದ್ದರು. 1983ರ ಎರಡನೆಯ ಆವೃತ್ತಿಗೆ ಫೋಲ್ಡರುಗಳು ಬಂದಾಗ ಆ ಗೆರೆ ಬಿಡುವಾಗಿರಲಿಲ್ಲ. ಹೀಗೆ ‘\’ ಬಂತು, ವಿಂಡೋಸಿಗೂ ಇಳಿದು ಬಂತು. ಸೋಜಿಗವೆಂದರೆ, ವಿಂಡೋಸಿನಲ್ಲಿ ಜಾವಾ ತಂತ್ರಾಂಶಕ್ಕೆ ‘/’ ಕೊಟ್ಟರೂ ನಡೆಯುತ್ತದೆ! ಎಲ್ಲೆಡೆಯೂ ಅದನ್ನೇ ಬರೆಯುವುದು ಲೇಸು.

ಅಕ್ಷರಗಳ ವಿಷಯವೂ ಇದೆ. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳು ವಿಂಡೋಸಿನಲ್ಲಿ ಸಾಮಾನ್ಯವಾಗಿ ಒಂದೇ. ಲಿನಕ್ಸಿಗೆ ಅವು ಬೇರೆ ಬೇರೆ ಹೆಸರುಗಳು. ಎಲ್ಲವನ್ನೂ ಚಿಕ್ಕಕ್ಷರದಲ್ಲಿ ಬರೆದರೆ ತಂಟೆಯಿಲ್ಲ.

ನಿಜವಾದ ಅಪಾಯ ಇರುವುದು ಬೇರೆ ಕಡೆ. ದೊಡ್ಡ ಭಾರ ಹಾಕಲು ಒಂದು ಕಂಪ್ಯೂಟರ್ ಸಾಲದಾದಾಗ ಹಲವನ್ನು ಜೊತೆಗೂಡಿಸುತ್ತಾರೆ. ಮುಖ್ಯ ಯಂತ್ರದ ಜೆಮೀಟರ್ ಪರೀಕ್ಷೆಯ ಯೋಜನೆಯನ್ನು ಉಳಿದವಕ್ಕೆ ತಾನೇ ಕಳುಹಿಸುತ್ತದೆ, ಆದರೆ ಸಂಖ್ಯೆಗಳ ಫೈಲನ್ನು ಕಳುಹಿಸುವುದಿಲ್ಲ. ಅದನ್ನು ಪ್ರತಿ ಯಂತ್ರದಲ್ಲೂ ನಾವೇ ಇಡಬೇಕು. ಸಮಭಾರ ಹೊತ್ತ ಮೂರು ಯಂತ್ರಗಳಲ್ಲಿ ಒಂದಕ್ಕೆ ಫೈಲು ಸಿಗದೆ ಅದರ ಬಳಕೆದಾರರು ನಿಂತುಹೋದರೆನ್ನಿ. ಭಾರದಲ್ಲಿ ಮೂರನೇ ಒಂದು ಪಾಲು ಇಳಿಯಿತು. ತಾಣ ಚುರುಕಾಗಿ ಉತ್ತರಿಸುತ್ತದೆ, ನೋಡುವವರು ತೃಪ್ತರಾಗುತ್ತಾರೆ. ನಿಜವಾದ ಜನಸಂದಣಿ ಬಂದ ದಿನ ತಾಣ ಕುಸಿಯಬಹುದು. ಆದ್ದರಿಂದ ಉತ್ತರದ ವೇಗಕ್ಕೆ ಮೊದಲು, ಪ್ರತಿ ಯಂತ್ರದಿಂದ ಎಷ್ಟು ಕೋರಿಕೆಗಳು ಹೋದವು ಎಂಬುದನ್ನು ಎಣಿಸಬೇಕು. ಅದರ ಲಾಗ್ ಫೈಲನ್ನೂ ಓದಬೇಕು.

ಬೇರಿನಿಂದ ಆರಂಭವಾಗುವ ಪೂರ್ಣ ವಿಳಾಸಕ್ಕಿಂತ ಸಾಪೇಕ್ಷ ವಿಳಾಸ ಮೇಲು: ‘ಮಾಹಿತಿ/ಸಂಖ್ಯೆ’ ಎಂದಷ್ಟೇ ಬರೆದರೆ ಜೆಮೀಟರ್ ಅದನ್ನು ಯೋಜನೆಯ ಫೈಲಿರುವ ಫೋಲ್ಡರಿನಿಂದ ಹುಡುಕುತ್ತದೆ. ದೂರದ ಯಂತ್ರಗಳಲ್ಲಿ ಮಾತ್ರ, ಜೆಮೀಟರ್ ಸರ್ವರನ್ನು ಯಾವ ಫೋಲ್ಡರಿನಿಂದ ಆರಂಭಿಸಿದ್ದೇವೋ ಅಲ್ಲಿಂದ. ಇನ್ನೂ ಅನುಕೂಲವಾದದ್ದು, ಫೋಲ್ಡರಿನ ಹೆಸರನ್ನು ಯೋಜನೆಯಲ್ಲಿ ಬರೆಯದೆ ಓಡಿಸುವಾಗ ಆದೇಶದ ಜೊತೆ ಕೊಡುವುದು. ‘-ಜೆ’ ಎಂದು ಕೊಟ್ಟದ್ದು ನಮ್ಮೆದುರಿನ ಯಂತ್ರಕ್ಕೆ ಮಾತ್ರ. ದೂರದ ಯಂತ್ರಗಳಿಗೂ ತಲುಪಬೇಕಾದರೆ ‘-ಜಿ’ ಬೇಕು. ಎರಡೂ ದೊಡ್ಡಕ್ಷರಗಳು.